ಕೆರೆಯ ಏರಿಯಿಂದ ಕರಸ್ಥಲಕ್ಕೆ: ಶಿವಯೋಗಿ ಸಿದ್ಧರಾಮೇಶ್ವರರ ಜೀವನ

ಲಿಂಗಪೂಜೆಗೆ ಕುಳಿತಾಗ ಲಿಂಗವು ಕರಸ್ಥಲದಲ್ಲಿದ್ದರೂ ಮನಸ್ಸು ಅಂಗಡಿಯ ಲೆಕ್ಕದಲ್ಲಿಯೋ ಹೊಲದ ಬದುವಿನ ವ್ಯಾಜ್ಯದಲ್ಲಿಯೋ ಅಲೆಯುತ್ತಿರುವುದು ಗೃಹಸ್ಥರಾದ ನಮ್ಮೆಲ್ಲರ ನಿತ್ಯಾನುಭವವಾಗಿದೆ. ಈ ಚಾಂಚಲ್ಯವನ್ನು ನಾವು ದೋಷವೆಂದು ಬಲ್ಲೆವು. ಆದರೆ ಇದರ ಪಕ್ಕದಲ್ಲಿಯೇ ಇರುವ ಇನ್ನೊಂದು ದೋಷವನ್ನು ಅನೇಕರು ದೋಷವೆಂದೇ ಎಣಿಸುವುದಿಲ್ಲ. ಹಿರಿಯರು ಮಾಡುತ್ತಿದ್ದರು, ನೆರೆಯವರು ಮಾಡುತ್ತಿರುವರು, ಆದುದರಿಂದ ನಾವೂ ಮಾಡಬೇಕು ಎಂಬ ಭಾವನೆಯಿಂದ, ಏಕೆಂದು ತಮ್ಮನ್ನು ತಾವು ಒಮ್ಮೆಯಾದರೂ ಕೇಳಿಕೊಳ್ಳದೆ ನಡೆಯುವುದೇ ಆ ದೋಷ. ಮೊದಲನೆಯದು ಧ್ಯಾನದ ಕೊರತೆ, ಎರಡನೆಯದು ಸ್ವವಿಚಾರದ ಕೊರತೆ. ಇವೆರಡೂ ಬೇರೆಬೇರೆಯಾಗಿ ತೋರಿದರೂ ಒಂದೇ ಬೇರಿನಿಂದ ಹುಟ್ಟಿದವು. ಹೊರಗಿನ ಸದ್ದಿಗೆಲ್ಲ ಓಗೊಡುವ ಮನಸ್ಸು ತಾನಾಗಿ ವಿಚಾರಿಸಲಾರದು. ತಾನಾಗಿ ವಿಚಾರಿಸದ ಮನಸ್ಸು ಒಂದೆಡೆ ನಿಲ್ಲಲೂ ಆರದು. ಈ ಮಾತಿಗೆ ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರ ಜೀವನವು ಉಜ್ಜ್ವಲವಾದ ನಿದರ್ಶನವಾಗಿದೆ.

ಸಿದ್ಧರಾಮೇಶ್ವರರು 12ನೆಯ ಶತಮಾನದವರು. ಅವರ ಚರಿತ್ರೆಯನ್ನು ತಿಳಿಯಲು ನಮಗೆ ಮೂರು ಮುಖ್ಯ ಆಧಾರಗಳುಂಟು. ಮಹಾಕವಿ ಹರಿಹರನ ಸೋದರಳಿಯನೂ ಷಟ್ಪದೀಕಾವ್ಯದ ಆಚಾರ್ಯನೂ ಆದ ರಾಘವಾಂಕನು ರಚಿಸಿದ ಸಿದ್ಧರಾಮ ಚಾರಿತ್ರವು ಮೊದಲನೆಯದು. ಶಿವಗಣಪ್ರಸಾದಿ ಮಹಾದೇವಯ್ಯನವರಿಂದ 15ನೆಯ ಶತಮಾನದಲ್ಲಿ ಮೊದಲು ಸಂಕಲಿತವಾಗಿ, ಮುಂದೆ ಗೂಳೂರು ಸಿದ್ಧವೀರಣ್ಣೊಡೆಯರವರೆಗೆ ಪರಿಷ್ಕಾರಗೊಳ್ಳುತ್ತ ಬಂದ ಶೂನ್ಯಸಂಪಾದನೆಯು ಎರಡನೆಯದು. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಇಂದಿಗೂ ಸಾವಿರಕ್ಕೂ ಮಿಕ್ಕಿ ಉಳಿದಿರುವ ಅವರದೇ ವಚನಗಳು ಮೂರನೆಯವು. ಪುರಾಣದ ಅದ್ಭುತಗಳನ್ನು ಅದ್ಭುತಗಳಾಗಿಯೇ ಇರಿಸಿ, ಅವುಗಳ ಒಳಗಿರುವ ಮನುಷ್ಯಜೀವದ ನಡೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇನೆ.

ಸೊನ್ನಲಿಗೆಯೆಂಬುದು ಇಂದಿನ ಸೊಲ್ಲಾಪುರ. 1960ರಲ್ಲಿ ರಚಿತವಾದ ಮಹಾರಾಷ್ಟ್ರ ರಾಜ್ಯದಲ್ಲಿ ಅದು ಸೇರಿದ್ದರೂ ಅಂದು ಅದು ಕಲ್ಯಾಣದ ಅರಸರ ಆಳ್ವಿಕೆಗೆ ಒಳಪಟ್ಟ ಕನ್ನಡ ನಾಡಿನ ಒಂದು ಗ್ರಾಮವಾಗಿತ್ತು. ಅಲ್ಲಿ ಮುದ್ದಗೌಡ ಮತ್ತು ಸುಗ್ಗಲೆಯೆಂಬ ಒಕ್ಕಲು ದಂಪತಿಗಳಿದ್ದರು. ಅವರ ಉದರದಲ್ಲಿ ಮಹಾಪುರುಷನೊಬ್ಬನು ಜನಿಸುವನೆಂದು ರೇವಣಸಿದ್ಧೇಶ್ವರರು ಮೊದಲೇ ಸೂಚಿಸಿದ್ದರೆಂದು ಕಾವ್ಯವು ಹೇಳುತ್ತದೆ. ಆದರೆ ಹುಟ್ಟಿದ ಮಗುವನ್ನು ನೋಡಿದವರಿಗೆ ಆ ಸೂಚನೆಯಲ್ಲಿ ನಂಬಿಕೆ ಹುಟ್ಟುವಂತಿರಲಿಲ್ಲ. ಮಗುವು ಇತರ ಮಕ್ಕಳಂತೆ ಅಳಲಿಲ್ಲ, ನಗಲಿಲ್ಲ, ಮಾತಾಡಲಿಲ್ಲ. ಊರವರು ಅವನನ್ನು ಮಂದಬುದ್ಧಿಯವನೆಂದು ತಿಳಿದರು. ತಂದೆತಾಯಿಗಳು ನಿಡುಸುಯ್ದು ಅವನನ್ನು ದನಕರುಗಳನ್ನು ಕಾಯುವುದಕ್ಕೆ ಕಳುಹಿಸಿದರು. ಜನರು ಜಡತ್ವವೆಂದು ಕರೆದುದು ವಾಸ್ತವವಾಗಿ ಒಳಮುಖವಾದ ಮೌನವಾಗಿತ್ತು. ಅದನ್ನು ಗುರುತಿಸುವ ಕಣ್ಣು ಆ ಊರಿನಲ್ಲಿ ಯಾರಿಗೂ ಇರಲಿಲ್ಲ.

ಒಂದು ದಿನ ಹೊಲದಲ್ಲಿದ್ದ ಬಾಲಕನ ಬಳಿಗೆ ಜಂಗಮನೊಬ್ಬನು ಬಂದನು. ತನ್ನ ಹೆಸರು ಮಲ್ಲಯ್ಯನೆಂದೂ ತಾನು ಶ್ರೀಶೈಲದವನೆಂದೂ ತಿಳಿಸಿ, ಹಸಿದು ಬಂದಿರುವೆನೆಂದನು. ಬಾಲಕನು ಎಳೆಯ ತೆನೆಗಳನ್ನು ಸುಟ್ಟುಕೊಟ್ಟನು. ಅದನ್ನು ತಿಂದ ಜಂಗಮನು ಒಡಲುರಿಯನ್ನು ತಣಿಸಲು ಮಜ್ಜಿಗೆ ಅನ್ನ ಬೇಕೆಂದನು. ಬಾಲಕನು ಮನೆಗೆ ಓಡಿದನು. ಅದುವರೆಗೆ ಬಾಯಿಬಿಡದ ಮಗನು ಬಂದು ಅನ್ನವನ್ನು ಬೇಡಿದುದನ್ನು ಕಂಡು ಸುಗ್ಗಲೆಗೆ ಆನಂದಾಶ್ಚರ್ಯಗಳಾದುವು. ಮಗನು ಅನ್ನವನ್ನು ಹೊತ್ತು ಹಿಂದಿರುಗಿದಾಗ ಹೊಲದಲ್ಲಿ ಜಂಗಮನಿರಲಿಲ್ಲ. ಮಲ್ಲಯ್ಯನ ಹೆಸರು ಹಿಡಿದು ಕೂಗುತ್ತ ಅವನು ಹೊಲದಿಂದ ಹೊಲಕ್ಕೆ ಅಲೆದನು. ಶ್ರೀಶೈಲಕ್ಕೆ ಹೊರಟಿದ್ದ ಯಾತ್ರಿಕರ ಗುಂಪೊಂದು ಅವನ ಅಳಲನ್ನು ಕೇಳಿ, ಮಲ್ಲಯ್ಯನನ್ನು ತೋರಿಸುವುದಾಗಿ ಹೇಳಿ ಜೊತೆಯಲ್ಲಿ ಕರೆದುಕೊಂಡು ಹೋಯಿತು.

ಶ್ರೀಶೈಲದ ಗುಡಿಯಲ್ಲಿ ಅವರು ಮಲ್ಲಿಕಾರ್ಜುನ ಲಿಂಗವನ್ನು ತೋರಿಸಿ, ಇವನೇ ಮಲ್ಲಯ್ಯನೆಂದರು. ದೂರದೂರದಿಂದ ಬಂದ ಜನರು ಆ ಲಿಂಗದ ಮುಂದೆ ಅಡ್ಡಬೀಳುತ್ತಿದ್ದರು. ಬಾಲಕನು ಮಾತ್ರ ಅದನ್ನು ಒಪ್ಪಲಿಲ್ಲ. ತಾನು ಕಂಡ, ತನ್ನೊಡನೆ ಮಾತಾಡಿದ, ತನ್ನ ಕೈಯಿಂದ ತೆನೆಯನ್ನು ಸ್ವೀಕರಿಸಿದ ಮಲ್ಲಯ್ಯನು ಇವನಲ್ಲವೆಂಬುದೇ ಅವನ ನಿಲುವಾಯಿತು. ಗುಡಿಯನ್ನು ಬಿಟ್ಟು ಅವನು ಕಾಡುಬೆಟ್ಟಗಳಲ್ಲಿ ಹುಡುಕುತ್ತ ಹೋದನು. ಕೊನೆಗೆ ರುದ್ರಗಮ್ಮರಿಯೆಂಬ ಭಯಂಕರವಾದ ಕಮರಿಯ ಅಂಚಿಗೆ ಬಂದು, ಕಾಣದಿದ್ದರೆ ಬದುಕಿ ಫಲವಿಲ್ಲವೆಂದು ಪ್ರಾಣವನ್ನೇ ತೊರೆಯಲು ಸಿದ್ಧನಾದಾಗ ಮಲ್ಲಿಕಾರ್ಜುನನು ಪ್ರತ್ಯಕ್ಷನಾಗಿ ಕೈಹಿಡಿದನೆಂದು ಚರಿತ್ರೆಯು ಹೇಳುತ್ತದೆ.

ಈ ಪ್ರಸಂಗವನ್ನು ನಾವು ಬಾಲಕನ ಮುಗ್ಧಭಕ್ತಿಯ ಕಥೆಯೆಂದು ಮಾತ್ರ ಓದಿ ಮುಂದೆ ಸಾಗಬಾರದು. ಅಕ್ಷರವರಿಯದ ಹುಡುಗನೊಬ್ಬನು ಸಮಸ್ತ ಯಾತ್ರಿಕರ ನಂಬಿಕೆಯ ಎದುರಿಗೆ ತನ್ನ ಅನುಭವವನ್ನು ಬಿಟ್ಟುಕೊಡದೆ ನಿಂತನು. ಅವನು ದೇವರನ್ನು ನಿರಾಕರಿಸಲಿಲ್ಲ. ಪರರು ತೋರಿಸಿದುದನ್ನು ತಾನು ಕಂಡುದೆಂದು ಸುಳ್ಳಾಡಲು ನಿರಾಕರಿಸಿದನು. ಸ್ವತಂತ್ರ ವಿಚಾರದ ಮೊದಲ ಮೆಟ್ಟಿಲು ಇದೇ. ಕಂಡುದನ್ನು ಕಂಡೆನೆನ್ನುವುದು, ಕಾಣದುದನ್ನು ಕಾಣೆನೆನ್ನುವುದು, ಕಾಣುವವರೆಗೆ ಹುಡುಕುವುದು.

ಸೊನ್ನಲಿಗೆಗೆ ಹಿಂದಿರುಗಿ ಅದನ್ನು ಅಭಿನವ ಶ್ರೀಶೈಲವನ್ನಾಗಿ ಮಾಡಬೇಕೆಂಬ ಆಜ್ಞೆಯನ್ನು ಹೊತ್ತು ಸಿದ್ಧರಾಮರು ಊರಿಗೆ ಬಂದರು. ಮಂದಬುದ್ಧಿಯವನೆನಿಸಿಕೊಂಡಿದ್ದ ಹುಡುಗನು ಈಗ ಸಾವಿರಾರು ಜನರನ್ನು ಒಂದುಗೂಡಿಸುವ ನಾಯಕನಾದನು. ಮಲ್ಲಿಕಾರ್ಜುನನ ಗುಡಿಯು ಎದ್ದಿತು. ಊರಿನ ಸುತ್ತಲೂ 68 ಲಿಂಗಗಳನ್ನು ಪ್ರತಿಷ್ಠಿಸಿದರೆಂದು ಸೊಲ್ಲಾಪುರದ ಪರಂಪರೆಯು ಇಂದಿಗೂ ನೆನೆಯುತ್ತದೆ. ಎಲ್ಲಕ್ಕಿಂತ ದೊಡ್ಡ ಕಾರ್ಯವೆಂದರೆ ಕೆರೆ. ಮಳೆ ಕಡಿಮೆಯಾದ ಆ ಬಯಲುಸೀಮೆಯಲ್ಲಿ ಒಂದು ಕೆರೆಯೆಂದರೆ ಜನರಿಗೆ, ದನಗಳಿಗೆ, ಪೈರಿಗೆ ಪ್ರಾಣವೇ ಸರಿ. ಸಾವಿರಾರು ಜನರು ಹಾರೆ ಗುದ್ದಲಿ ಬುಟ್ಟಿಗಳನ್ನು ಹಿಡಿದು ಸಿದ್ಧರಾಮರ ಹೆಸರನ್ನು ಹೇಳುತ್ತ ಮಣ್ಣು ಹೊತ್ತರು. ಅವರ ಕೀರ್ತಿಯು ನಾಡಿನಲ್ಲೆಲ್ಲ ಹಬ್ಬಿತು.

ವಾಚಕರು ಇಲ್ಲಿ ಒಂದು ಕ್ಷಣ ನಿಂತು ಆಲೋಚಿಸಬೇಕು. ಇದರಲ್ಲಿ ನಿಂದಿಸುವಂಥದು ಏನಿದೆ? ಸ್ವಾರ್ಥವಿಲ್ಲ, ಆಲಸ್ಯವಿಲ್ಲ, ದುರ್ವ್ಯಯವಿಲ್ಲ. ಪರೋಪಕಾರವೇ ಮೂರ್ತಿವೆತ್ತಂತಿತ್ತು ಆ ಜೀವನ. ಆದುದರಿಂದಲೇ ಅದರೊಳಗಿನ ಅಪಾಯವು ಕಾಣುವಂತಿರಲಿಲ್ಲ. ಕೆಟ್ಟ ಕೆಲಸ ಮಾಡುವವನಿಗೆ ತನ್ನ ಮನಸ್ಸಾದರೂ ಒಮ್ಮೊಮ್ಮೆ ಎಚ್ಚರಿಕೆ ಕೊಡುವುದು. ಒಳ್ಳೆಯ ಕೆಲಸ ಮಾಡುವವನನ್ನು ಸುತ್ತಲಿನ ಜಯಜಯಕಾರವು ಎಚ್ಚರವಾಗಲು ಬಿಡುವುದಿಲ್ಲ. ಶ್ರೀಶೈಲದ ಕಮರಿಯ ಅಂಚಿನಲ್ಲಿ ಏಕಾಂತದಲ್ಲಿ ಕಂಡ ಮಲ್ಲಯ್ಯನು ಈಗ ಗುಡಿಗಳಲ್ಲಿ, ಕಲ್ಲುಗಳಲ್ಲಿ, ಜನಜಂಗುಳಿಯಲ್ಲಿ ಹಂಚಿಹೋಗುತ್ತಿದ್ದನು.

ಅಂತಹ ಸಮಯದಲ್ಲಿ ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದರು. ಕೆರೆಯ ಕೆಲಸ ನಡೆದಿದ್ದ ಎಡೆಗೆ ಹೋಗಿ, ಸಿದ್ಧರಾಮನೆಲ್ಲಿ ಎಂದು ವಿಚಾರಿಸಿದರು. ವಿಚಾರಿಸಿದ ರೀತಿಯಲ್ಲಿ ಗೌರವವಿರಲಿಲ್ಲ. ಶಿವಯೋಗಿಯೆಂದು ಲೋಕವು ಕೊಂಡಾಡುವವನನ್ನು ಅವರು ಮಣ್ಣು ಹೊರಿಸುವ ಮೇಸ್ತ್ರಿಯೆಂಬಂತೆ ಹಂಗಿಸಿ ಕರೆದರು. ತಮ್ಮ ಗುರುವಿನ ನಿಂದೆಯನ್ನು ಕೇಳಲಾರದೆ ಕೆಲಸಗಾರರು ಕೈಗೆ ಸಿಕ್ಕ ಕಲ್ಲುಗಳನ್ನು ಬೀಸಿದರು. ಆ ಕಲ್ಲುಗಳೆಲ್ಲ ಪ್ರಭುದೇವರನ್ನು ತಾಕದೆ ಸುತ್ತಲೂ ರಾಶಿಯಾಗಿ ಬಿದ್ದುವೆಂದು ಶೂನ್ಯಸಂಪಾದನೆಯು ವರ್ಣಿಸುತ್ತದೆ. ಸುದ್ದಿಯು ತಲುಪಿದೊಡನೆ ಸಿದ್ಧರಾಮರು ಕ್ರುದ್ಧರಾಗಿ ಧಾವಿಸಿದರು. ಅವರ ಉರಿಗಣ್ಣಿನಿಂದ ಹೊರಟ ಕಿಚ್ಚು ಎಲ್ಲೆಡೆಗೂ ಹಬ್ಬಿ, ಪ್ರಭುದೇವರ ಪಾದದ ಬಳಿಗೆ ಬಂದು ನಂದಿಹೋಯಿತೆಂದು ಕಥೆ.

ಈ ಕಿಚ್ಚಿನ ಕಥೆಯ ತಾತ್ಪರ್ಯವು ಅತಿಸೂಕ್ಷ್ಮವಾದುದು. ಯೋಗಿಯಾದವನಿಗೆ ಒಂದು ನಿಂದೆಯ ಮಾತಿನಿಂದ ಇಷ್ಟು ಉರಿ ಏಕೆ ಎದ್ದಿತು? ಕೆರೆಯು ಲೋಕದ್ದೆಂದು ಬಾಯಿಂದ ಹೇಳುತ್ತಿದ್ದರೂ ಅದು ತನ್ನದೆಂಬ ಭಾವವು ಚಿತ್ತದ ಮೂಲೆಯಲ್ಲಿ ಅಡಗಿತ್ತು. ಕೆರೆಯನ್ನು ಹಳಿದರೆ ತನ್ನನ್ನೇ ಹಳಿದಂತಾಯಿತು. ಪ್ರಭುದೇವರು ಆಡಿದ ಬಿರುನುಡಿಯ ಉದ್ದೇಶವು ಆ ಅಡಗಿದ್ದುದನ್ನು ಹೊರಕ್ಕೆ ತೆಗೆದು ಅವರ ಕಣ್ಣಿಗೇ ತೋರಿಸುವುದಾಗಿತ್ತು. ಮುಳ್ಳು ಎಲ್ಲಿದೆಯೆಂದು ತಿಳಿಯಲು ವೈದ್ಯನು ನೋಯುವ ಎಡೆಯನ್ನೇ ಒತ್ತಿನೋಡುವನಷ್ಟೆ.

ಅನಂತರ ನಡೆದ ಸಂವಾದದಲ್ಲಿ ಪ್ರಭುದೇವರ ಆಕ್ಷೇಪವು ಸ್ಪಷ್ಟವಾಗಿತ್ತು. ಪುಣ್ಯದ ಬಯಕೆಯಿಂದ ಮಾಡಿದ ಕರ್ಮವು, ಅದೆಷ್ಟೇ ಒಳ್ಳೆಯದಾದರೂ, ಫಲಕ್ಕೆ ಕಟ್ಟುವ ಹಗ್ಗವೇ ಸರಿ. ತನ್ನನ್ನು ತಾನು ಅರಿಯದವನು ಕಲ್ಲಿನಲ್ಲಿ ದೇವರನ್ನು ನಿಲ್ಲಿಸಿದರೆ ಅವನ ಮನಸ್ಸೂ ಕಲ್ಲಿನ ಸುತ್ತಲೇ ತಿರುಗುತ್ತಿರುವುದು. ಸಿದ್ಧರಾಮರು ಸುಮ್ಮನೆ ತಲೆದೂಗಲಿಲ್ಲ. ತಮ್ಮ ಕಾರ್ಯದ ಪರವಾಗಿ ಅವರು ವಾದಿಸಿದರು, ಮರಳಿ ಮರಳಿ ಪ್ರಶ್ನಿಸಿದರು. ವಾದದ ಕೊನೆಯಲ್ಲಿ ತಮ್ಮೊಳಗನ್ನು ನೋಡಿಕೊಂಡಾಗ ಪ್ರಭುದೇವರು ಹೇಳಿದುದು ಅಲ್ಲಿ ನಿಜವಾಗಿಯೇ ಇರುವುದನ್ನು ಕಂಡರು, ಕಂಡೊಡನೆ ಒಪ್ಪಿದರು.

ಬಾಲ್ಯದಲ್ಲಿ ಪರರ ನಂಬಿಕೆಯನ್ನು ಪ್ರಶ್ನಿಸಿದುದಕ್ಕಿಂತ ಇದು ಸಾವಿರ ಪಾಲು ಕಠಿನವಾದ ಕಾರ್ಯ. ಪರರ ತಪ್ಪನ್ನು ತೋರಿಸುವುದನ್ನೇ ಸ್ವತಂತ್ರ ವಿಚಾರವೆಂದು ಎಷ್ಟೋ ಜನ ತಿಳಿದಿರುವರು. ತನ್ನ ಜೀವಮಾನದ ಸತ್ಕಾರ್ಯವನ್ನೇ, ಸಹಸ್ರಾರು ಶಿಷ್ಯರು ನೋಡುತ್ತಿರುವಂತೆ, ವಿಚಾರದ ತಕ್ಕಡಿಯಲ್ಲಿ ಇಟ್ಟು ತೂಗುವುದಕ್ಕೆ ಬೇರೆಯೇ ಧೈರ್ಯ ಬೇಕು. ಕಲ್ಲು ಬೀರಿದ ಆ ಭಕ್ತರು ಸಿದ್ಧರಾಮರ ಗೆಲವನ್ನೇ ಬಯಸುತ್ತಿದ್ದರು. ಅವರನ್ನು ಮೆಚ್ಚಿಸುವುದು ಸುಲಭವಾಗಿತ್ತು. ಸಿದ್ಧರಾಮರು ಆ ಸುಲಭವಾದ ದಾರಿಯನ್ನು ಬಿಟ್ಟು, ಕೆರೆಯ ಏರಿಯಿಂದ ಇಳಿದು, ಪ್ರಭುದೇವರೊಡನೆ ಕಲ್ಯಾಣಕ್ಕೆ ನಡೆದರು.

ಕಲ್ಯಾಣದಲ್ಲಿ ಅವರಿಗೆ ಮತ್ತೊಂದು ಪರೀಕ್ಷೆ ಕಾದಿತ್ತು. ಸಿದ್ಧರಾಮರ ಅಂಗದ ಮೇಲೆ ಇಷ್ಟಲಿಂಗವಿರಲಿಲ್ಲ. ಶರಣರ ಗೋಷ್ಠಿಯಲ್ಲಿ ಈ ವಿಷಯವು ಚರ್ಚೆಗೆ ಬಂದಿತು. ಅಂತರಂಗದಲ್ಲಿ ಶಿವನನ್ನು ಅರಿತ ಮೇಲೆ ಬಹಿರಂಗದ ಕುರುಹು ಏತಕ್ಕೆ ಎಂಬುದು ಸಿದ್ಧರಾಮರ ಪ್ರಶ್ನೆ. ಇದು ತಳ್ಳಿಹಾಕುವಂತಹ ಪ್ರಶ್ನೆಯಲ್ಲ. ಗುಡಿಯ ಲಿಂಗವು ಹೊರಗಿನದೆಂದು ಪ್ರಭುದೇವರಿಂದ ಕೇಳಿ ಬಂದವರಿಗೆ ಅಂಗೈಯ ಲಿಂಗವೂ ಹೊರಗಿನದಾಗಿಯೇ ತೋರುವುದು ಸಹಜ. ಅವಿರಳಜ್ಞಾನಿ ಚನ್ನಬಸವಣ್ಣನವರು ಇದಕ್ಕೆ ಸಮಾಧಾನವನ್ನು ಹೇಳಿದರು. ಒಳಗಿನ ಅರಿವೇ ಗುರುವಿನ ಕರುಣದಿಂದ ಕರಸ್ಥಲಕ್ಕೆ ಬಂದು ಕುರುಹಾಗಿದೆ. ಆ ಕುರುಹನ್ನು ಹಿಡಿದು ಅರಿವಿಗೆ ಮರಳಬೇಕು. ಒಳಗು ಹೊರಗುಗಳೆಂಬ ಭೇದವು ಉಳಿದಿರುವವರೆಗೆ ಅರಿವು ಪೂರ್ಣವಾಗದು. ಅವರ ಬೋಧೆಯ ಸಾರವು ಇದು.

ಸಿದ್ಧರಾಮರು ಅಂದು ನಾಡಿನಲ್ಲೆಲ್ಲ ಹೆಸರಾದ ಯೋಗಿಗಳು. ಚನ್ನಬಸವಣ್ಣನವರು ವಯಸ್ಸಿನಲ್ಲಿ ಎಳೆಯರು. ಆದರೂ ಸಂಶಯವು ತೀರಿದ ಬಳಿಕ ಸಿದ್ಧರಾಮರು ಆ ಎಳೆಯರ ಹಸ್ತದಿಂದಲೇ ಇಷ್ಟಲಿಂಗದೀಕ್ಷೆಯನ್ನು ಪಡೆದರು. ಪ್ರಶ್ನಿಸುವುದರಲ್ಲಿ ಸಂಕೋಚವಿರಲಿಲ್ಲ, ಉತ್ತರವು ದೊರೆತ ಮೇಲೆ ಬಾಗುವುದರಲ್ಲಿಯೂ ಸಂಕೋಚವಿರಲಿಲ್ಲ. ಹಠಮಾರಿತನಕ್ಕೂ ಸ್ವವಿಚಾರಕ್ಕೂ ಇರುವ ಅಂತರವನ್ನು ಇಲ್ಲಿ ಕಾಣಬೇಕು. ಹಠಮಾರಿಯು ತನ್ನ ಮಾತನ್ನು ಉಳಿಸಿಕೊಳ್ಳಲು ಯತ್ನಿಸುವನು. ವಿಚಾರಶೀಲನು ಸತ್ಯವು ಉಳಿದರೆ ತನ್ನ ಮಾತು ಬಿದ್ದರೂ ಸಂತೋಷಪಡುವನು.

ಅಂದಿನಿಂದ ಸಿದ್ಧರಾಮರ ಶಿವಯೋಗವು ಇಷ್ಟಲಿಂಗದಲ್ಲಿ ನೆಲೆಗೊಂಡಿತು. ಈ ಸಾಧನೆಯ ಕ್ರಮವು ನಮ್ಮ ಮನೆಮನೆಯಲ್ಲಿಯೂ ಇರುವುದರಿಂದ ಅದರ ಮರ್ಮವನ್ನು ನೆನಪಿಗೆ ತರುವುದು ಉಚಿತ. ಲಿಂಗವನ್ನು ಎಡಗೈಯ ಅಂಗೈಯಲ್ಲಿ ಇರಿಸಿಕೊಂಡು, ಬೆನ್ನನ್ನು ನೆಟ್ಟಗೆ ಮಾಡಿ, ಅರೆದೆರೆದ ಕಣ್ಣಿನಿಂದ ಅದನ್ನೇ ನೋಡುತ್ತಿರಬೇಕು. ಲಿಂಗದ ಕಪ್ಪು ಮೈಯಲ್ಲಿ ದೀಪದ ಬೆಳಕು ಒಂದು ಬಿಂದುವಾಗಿ ಮೂಡುವುದು. ದೃಷ್ಟಿಯು ಆ ಬಿಂದುವಿನಲ್ಲಿ ನಿಂತಂತೆ ಉಸಿರು ನಿಧಾನವಾಗುವುದು. ಉಸಿರು ನಿಧಾನವಾದಂತೆ ಸಂಕಲ್ಪವಿಕಲ್ಪಗಳ ಬಿರುಸು ಇಳಿಯುವುದು. ಮನಸ್ಸು ಓಡಿಹೋದರೆ ಅದರೊಡನೆ ಜಗಳಾಡದೆ, ಮೇಯಲು ಹೋದ ಕರುವನ್ನು ಹಟ್ಟಿಗೆ ಕರೆತರುವಂತೆ, ಮೆಲ್ಲನೆ ಹಿಂದಕ್ಕೆ ತರಬೇಕು. ಹೀಗೆ ಇಷ್ಟಲಿಂಗದಲ್ಲಿ ನಿಂತ ದೃಷ್ಟಿಯು ಪ್ರಾಣಲಿಂಗಕ್ಕೂ, ಅಲ್ಲಿಂದ ಭಾವಲಿಂಗಕ್ಕೂ ಒಯ್ಯುವುದೆಂದು ಷಟ್‌ಸ್ಥಲಶಾಸ್ತ್ರವು ಉಪದೇಶಿಸುತ್ತದೆ.

ಶಾಂತವಾದ ಮನಸ್ಸಿನಿಂದ ವಿಚಾರವು ಹೇಗೆ ಸ್ವತಂತ್ರವಾಗುವುದೆಂಬುದಕ್ಕೆ ಅವರ ವಚನಗಳೇ ಸಾಕ್ಷಿ. ಹೆಣ್ಣನ್ನು ಮಾಯೆಯೆಂದು ಜರೆಯುವುದು ಅನೇಕ ವಿರಕ್ತರಿಗೆ ವಾಡಿಕೆಯಾಗಿದ್ದ ಕಾಲದಲ್ಲಿ ಅವರು ಹೆಣ್ಣಿನಲ್ಲಿ ತಮ್ಮ ಆರಾಧ್ಯದೈವವನ್ನೇ ಕಂಡರು. ಓದಿನ ಹೆಮ್ಮೆಯನ್ನೂ ಆಚರಣೆಯಿಲ್ಲದ ಮಾತನ್ನೂ ಟೀಕಿಸಿದರು. ತಮಗೆ ದಾರಿ ತೋರಿದ ಬಸವಣ್ಣನವರನ್ನು ಬಾಯ್ತುಂಬ ಸ್ತುತಿಸಿದರು. ಪ್ರಭುದೇವರು ಮತ್ತು ಚನ್ನಬಸವಣ್ಣನವರ ತರುವಾಯ ಶೂನ್ಯಪೀಠದ ಒಡೆತನವು ಅವರಿಗೆ ಬಂದಿತೆಂದು ನಮ್ಮ ಪರಂಪರೆಯು ಎಣಿಸುತ್ತದೆ. ಒಮ್ಮೆ ಕೆರೆಯ ಏರಿಯ ಮೇಲೆ ಹಂಗಿಸಿಕೊಂಡವರೇ ಹಂಗಿಸಿದವರ ಪೀಠಕ್ಕೆ ಬಂದರು.

ಕಲ್ಯಾಣದಲ್ಲಿ ವಿಪ್ಲವವು ನಡೆದು ಶರಣರು ದಿಕ್ಕುದಿಕ್ಕಿಗೆ ಚದುರಿದಾಗ ಬಸವಣ್ಣನವರು ಕೂಡಲಸಂಗಮದಲ್ಲಿಯೂ, ಪ್ರಭುದೇವರು ಶ್ರೀಶೈಲದ ಕದಳಿಯಲ್ಲಿಯೂ, ಚನ್ನಬಸವಣ್ಣನವರು ಉಳವಿಯಲ್ಲಿಯೂ ಲಿಂಗೈಕ್ಯರಾದರು. ಸಿದ್ಧರಾಮರು ಸೊನ್ನಲಿಗೆಗೆ ಮರಳಿದರು. ತಾವು ಕಟ್ಟಿಸಿದ ಕೆರೆಯ ಬಳಿಗೇ ಬಂದು, ಅಲ್ಲಿಯೇ ಯೋಗಸಮಾಧಿಯನ್ನು ಹೊಂದಿದರು. ಇಂದಿಗೂ ಆ ಕೆರೆಯ ನಡುವೆ ಸಿದ್ಧೇಶ್ವರ ಗುಡಿಯಿದೆ. ವರ್ಷವರ್ಷವೂ ಮಕರಸಂಕ್ರಾಂತಿಯಲ್ಲಿ ನಂದಿಧ್ವಜಗಳ ಮೆರವಣಿಗೆಯೊಡನೆ ಮಹಾಜಾತ್ರೆಯು ನಡೆಯುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಪಾಠಶಾಲೆಯಲ್ಲಿ ಈ ಚರಿತ್ರೆಯನ್ನು ಬೋಧಿಸುತ್ತಿದ್ದಾಗ ಒಬ್ಬ ಹುಡುಗನು ಎದ್ದುನಿಂತು ಒಂದು ಪ್ರಶ್ನೆ ಕೇಳಿದನು. ಪ್ರಭುದೇವರ ಮಾತು ಸರಿಯಾದರೆ ಕೆರೆಯನ್ನು ತೋಡಿಸಿದುದು ತಪ್ಪಾಯಿತಲ್ಲವೇ, ನೀರಿಲ್ಲದ ಊರಿನ ಜನರು ಏನು ಮಾಡಬೇಕಾಗಿತ್ತು ಎಂಬುದು ಅವನ ಸಂದೇಹ. ನಾನು ನಿಷ್ಕಾಮಕರ್ಮದ ಲಕ್ಷಣವನ್ನು ಶ್ಲೋಕಸಹಿತವಾಗಿ ವಿವರಿಸಿದೆನು. ಹುಡುಗನು ವಿನಯದಿಂದ ಕುಳಿತುಕೊಂಡನು; ಆದರೆ ಅವನಿಗೆ ಸಮಾಧಾನವಾಗಲಿಲ್ಲವೆಂದು ಮುಖದಿಂದಲೇ ತಿಳಿಯಿತು. ನಿಜವನ್ನು ಹೇಳುವುದಾದರೆ ನನಗೂ ಆಗಲಿಲ್ಲ. ನಾನು ಕೊಟ್ಟ ಉತ್ತರವು ಗ್ರಂಥದ್ದಾಗಿತ್ತು, ನನ್ನದಾಗಿರಲಿಲ್ಲ.

ಮರುವರ್ಷ ಸೊಲ್ಲಾಪುರಕ್ಕೆ ಹೋದಾಗ ಬೆಳಗಿನ ಜಾವದಲ್ಲಿ ಆ ಕೆರೆಯ ದಂಡೆಯ ಮೇಲೆ ಲಿಂಗಾರ್ಚನೆಗೆ ಕುಳಿತೆನು. ಪೂಜೆ ಮುಗಿದು ಕಣ್ಣೆತ್ತಿದಾಗ ಗಾಳಿಯಿಲ್ಲದ ನೀರಿನಲ್ಲಿ ಗುಡಿಯು ತಲೆಕೆಳಗಾಗಿ ಸ್ಪಷ್ಟವಾಗಿ ಕಾಣುತ್ತಿತ್ತು. ಹುಡುಗನ ಪ್ರಶ್ನೆಯು ಆಗ ಮತ್ತೆ ನೆನಪಾಯಿತು. ಸಿದ್ಧರಾಮರು ಕಲ್ಯಾಣದಿಂದ ಬೇರೆಲ್ಲಿಗಾದರೂ ಹೋಗಬಹುದಾಗಿತ್ತು. ಕೆರೆಯು ತಪ್ಪಾಗಿದ್ದರೆ ಅದರ ಬಳಿಗೆ ಮರಳುತ್ತಿರಲಿಲ್ಲ. ಕೆರೆಯನ್ನು ಅವರು ಕೆಡವಲಿಲ್ಲ, ಅದನ್ನು ಕುರಿತು ನಾಚಿಕೊಳ್ಳಲೂ ಇಲ್ಲ. ಕೆರೆಯು ಊರಿಗೆ ನೀರನ್ನು ಕೊಡುತ್ತಲೇ ಇದ್ದಿತು. ಕಳಚಿಬಿದ್ದುದು ಅದು ತನ್ನದೆಂಬ ಭಾವವೊಂದೇ. ಊರಿಗೆ ಹಿಂದಿರುಗಿ ಇದನ್ನು ಆ ಹುಡುಗನಿಗೆ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನೂ ಆಲೋಚಿಸಿ ನೋಡುವೆನೆಂದನು. ಶಿಷ್ಯನಿಂದ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಬಯಸುವುದಿಲ್ಲ.

ಸದ್ಭಕ್ತರೇ, ನಮ್ಮಲ್ಲಿ ಕೆರೆ ಕಟ್ಟಿಸುವಷ್ಟು ಶಕ್ತಿಯುಳ್ಳವರು ವಿರಳ. ಆದರೂ ದಾಸೋಹಕ್ಕೆ ಒಂದು ಚೀಲ ಜೋಳವನ್ನು ಕೊಟ್ಟವನೂ ಮಠದ ಗೋಡೆಗೆ ಹತ್ತು ಕಲ್ಲುಗಳನ್ನು ಕೊಡಿಸಿದವನೂ ತನ್ನ ಹೆಸರು ಎಲ್ಲಿ ಬರೆದಿದೆಯೆಂದು ನೋಡುವುದುಂಟು. ಕೊಡುವುದನ್ನು ನಿಲ್ಲಿಸಬೇಕಾಗಿಲ್ಲ, ಕೊಟ್ಟಾಗ ಮನಸ್ಸು ಎಲ್ಲಿತ್ತೆಂದು ಕೇಳಿಕೊಂಡರೆ ಸಾಕು. ನಿತ್ಯವೂ ಪೂಜಾಕಾಲದಲ್ಲಿ ಕೆಲವು ನಿಮಿಷಗಳನ್ನು ಮಂತ್ರದ ಅವಸರವಿಲ್ಲದೆ, ಬೇಡಿಕೆಯಿಲ್ಲದೆ, ಲಿಂಗವನ್ನು ನೋಡುವುದಕ್ಕೆಂದೇ ಮೀಸಲಿಡಿರಿ. ಮನಸ್ಸು ತಿಳಿಯಾದ ಮೇಲೆ ಆ ದಿನದ ನಡೆಯನ್ನು ಒಮ್ಮೆ ವಿಚಾರಿಸಿರಿ. ಯಾವುದನ್ನು ಕಂಡು ಮಾಡಿದೆನು, ಯಾವುದನ್ನು ಪರರನ್ನು ನೋಡಿ ಮಾಡಿದೆನು ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಉತ್ತರವು ಕಹಿಯಾಗಿದ್ದರೆ ಸೊನ್ನಲಿಗೆಯ ಶಿವಯೋಗಿಗಳನ್ನು ನೆನೆಯಿರಿ. ಅಂತಹ ಮಹಾತ್ಮರೇ ಏರಿಯಿಂದ ಇಳಿದಿರುವಾಗ ನಮಗೆ ಇಳಿಯಲು ನಾಚಿಕೆಯೇಕೆ? ಆ ಪರಮಶಿವಯೋಗಿಗಳ ಕೃಪೆಯು ಸಕಲ ಸದ್ಭಕ್ತರ ಮೇಲೆ ಇರಲಿ.